ಲೈಸೆನ್ಸ್ ಆಕ್ಟಿವೇಶನ್ ಪಟ್ಟಿಗೆ ಡಾಕ್ಯುಮೆಂಟೇಶನ್ ಬರೆದ ಅನುಭವ

ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಪಿಐಗಳಿಗೆ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ದಾರಿಗಳಿಗೆ, ಡಾಕ್ಯುಮೆಂಟೇಶನ್ ಬರೆಯುತ್ತೇನೆ. ಈಚೆಗೆ ಕೈಗೆ ಬಂದದ್ದು ಒಂದು ಚಿಕ್ಕ ಟೂಲ್. ಲೈಸೆನ್ಸ್ ಐಡಿ ಕೊಟ್ಟರೆ ಅದು ಎಲ್ಲೆಲ್ಲಿ ಆಕ್ಟಿವೇಟ್ ಆಗಿದೆ ಅಂತ ಪಟ್ಟಿ ಕೊಡುತ್ತದೆ. ಕೋಡ್‌ನಲ್ಲಿ ಅದಕ್ಕಿದ್ದ ವಿವರಣೆ ಒಂದೇ ಸಾಲು: 'ಲೈಸೆನ್ಸ್ ಆಕ್ಟಿವೇಶನ್‌ಗಳ ಪಟ್ಟಿ ಕೊಡುತ್ತದೆ.' ತಪ್ಪೇನಿಲ್ಲ. ಆದರೆ ಓದಿದವರಿಗೆ ಹೊಸದಾಗಿ ಏನೂ ಗೊತ್ತಾಗುವುದಿಲ್ಲ.

ಬರೆಯುವ ಮೊದಲು ಸಪೋರ್ಟ್ ಟೀಮಿನವರ ಜೊತೆ ಕೂತು ಹಳೇ ಟಿಕೆಟ್‌ಗಳನ್ನು ಓದಿದೆ. ಗ್ರಾಹಕರ ಐಟಿ ವಿಭಾಗದವರ ಪ್ರಶ್ನೆ ಹೆಚ್ಚುಕಡಿಮೆ ಎರಡೇ. ನಮ್ಮ ಜನಕ್ಕಿಂತ ಪಟ್ಟಿ ಉದ್ದ ಇದೆಯಲ್ಲ, ಯಾಕೆ? ಇದರಲ್ಲಿ ಯಾವುದನ್ನು ತೆಗೆದುಹಾಕಬಹುದು? ಈ ಎರಡಕ್ಕೆ ಉತ್ತರ ಸಿಗದಿದ್ದರೆ ಡಾಕ್ಯುಮೆಂಟೇಶನ್ ಇದ್ದೂ ಪ್ರಯೋಜನ ಇಲ್ಲ ಅಂತ ನನಗೆ ಆಗಲೇ ಅನ್ನಿಸಿತು.

ಮೊದಲನೇ ಪ್ರಶ್ನೆ ನೋಡಿ. ಪಟ್ಟಿಯ ಒಂದು ಸಾಲು ಅಂದರೆ ಒಬ್ಬ ಮನುಷ್ಯ ಅಲ್ಲ, ಎಷ್ಟೋ ಸಲ ಒಂದು ಕಂಪ್ಯೂಟರ್ ಕೂಡ ಅಲ್ಲ. ಅದು ಒಂದು ಫಿಂಗರ್‌ಪ್ರಿಂಟ್. ಯಂತ್ರದ ಕೆಲವು ಗುರುತುಗಳನ್ನು ಸೇರಿಸಿ ನಮ್ಮ ಸಾಫ್ಟ್‌ವೇರ್ ಅದನ್ನು ತಯಾರಿಸುತ್ತದೆ. ಮದರ್‌ಬೋರ್ಡ್ ಬದಲಾಯಿಸಿದರೆ ಅದೇ ಲ್ಯಾಪ್‌ಟಾಪ್ ಹೊಸ ಸಾಲಾಗಿ ಬರುತ್ತದೆ, ಹಳೇ ಸಾಲೂ ಹಾಗೇ ಉಳಿದಿರುತ್ತದೆ. ಉಲ್ಟಾ ಕೂಡ ಆಗಬಹುದು. ಲಿನಕ್ಸ್‌ನಲ್ಲಿ ನಾವು ನೋಡುವುದು ಮೆಷಿನ್ ಐಡಿ ಇರುವ ಫೈಲ್. ಒಂದು ವರ್ಚುವಲ್ ಮೆಷಿನ್ ಅನ್ನು (ಸಾಫ್ಟ್‌ವೇರ್‌ನಲ್ಲೇ ಓಡುವ ಕಂಪ್ಯೂಟರ್) ಕ್ಲೋನ್, ಅಂದರೆ ಯಥಾವತ್ ನಕಲು, ಮಾಡಿದಾಗ ಆ ಫೈಲ್ ಖಾಲಿ ಮಾಡದಿದ್ದರೆ ಎರಡಕ್ಕೂ ಒಂದೇ ಗುರುತು. ಟೆಸ್ಟ್ ಖಾತೆಯಲ್ಲಿ ನಾನೇ ಕ್ಲೋನ್ ಮಾಡಿ ನೋಡಿದೆ. ಎರಡು ಯಂತ್ರ ಓಡುತ್ತಿದ್ದವು, ಪಟ್ಟಿಯಲ್ಲಿ ಇದ್ದದ್ದು ಒಂದೇ ಸಾಲು. ಇದನ್ನು ಪುಟದ ಮೊದಲ ಪ್ಯಾರಾದಲ್ಲೇ ಬರೆದೆ, ಫೀಲ್ಡ್‌ಗಳ (ಪ್ರತಿ ಸಾಲಿನಲ್ಲಿರುವ ಮಾಹಿತಿಯ ಅಂಶಗಳ) ಕೋಷ್ಟಕಕ್ಕಿಂತ ಮೇಲೆ.

ಎರಡನೇ ಪ್ರಶ್ನೆ ಜಾಸ್ತಿ ಗಂಭೀರ. ಪ್ರತಿ ಸಾಲಿನಲ್ಲೂ 'ಕೊನೆಯದಾಗಿ ಕಂಡದ್ದು' ಅನ್ನೋ ಸಮಯ ಇರುತ್ತದೆ. ತಿಂಗಳುಗಟ್ಟಲೆ ಹಳೆಯದಿದ್ದರೆ ಯಾರೂ ಬಳಸುತ್ತಿಲ್ಲ, ತೆಗೆದುಬಿಡೋಣ ಅನ್ನಿಸುವುದು ಸಹಜ, ಅಲ್ವಾ? ಆದರೆ ಅದು ಕೊನೇ ಸಲ ಬಳಸಿದ ಸಮಯ ಅಲ್ಲ, ಯಂತ್ರ ನಮ್ಮ ಸರ್ವರ್ ಜೊತೆ ಕೊನೇ ಸಲ ಮಾತಾಡಿದ ಸಮಯ. ಕಾರ್ಖಾನೆಯ ಶಾಪ್ ಫ್ಲೋರ್‌ನಲ್ಲಿ ಬೇಕೆಂದೇ ಇಂಟರ್ನೆಟ್ ಕೊಡದ ಕಂಪ್ಯೂಟರ್‌ಗಳಿರುತ್ತವೆ. ಆಫ್‌ಲೈನ್ ಲೈಸೆನ್ಸ್ ಮೇಲೆ ದಿನವೂ ಓಡುತ್ತವೆ, ಪಟ್ಟಿಯಲ್ಲಿ ಮಾತ್ರ ಸತ್ತಂತೆ ಕಾಣುತ್ತವೆ. ಆ ಸಾಲು ತೆಗೆದರೆ ಮುಂದಿನ ಸಲ ಲೈಸೆನ್ಸ್ ನವೀಕರಿಸುವಾಗ ಅಲ್ಲಿ ಕೆಲಸ ನಿಲ್ಲುತ್ತದೆ. ಹಾಗಾಗಿ ಆ ಫೀಲ್ಡ್‌ನ ವಿವರಣೆಯಲ್ಲೇ ಎಚ್ಚರಿಕೆ ಹಾಕಿದೆ. ಬೇರೆ ಪುಟದಲ್ಲಿ ಹಾಕಿದರೆ ಯಾರೂ ಓದುವುದಿಲ್ಲ.

ಸಮಯದ್ದೇ ಇನ್ನೊಂದು ವಿಷಯ. ಎಪಿಐ ಕೊಡುವುದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣಿತ ಸಮಯ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ ಜಾವ 3 ಗಂಟೆಗೆ ಇಲ್ಲಿ ಆದ ಆಕ್ಟಿವೇಶನ್ ಪಟ್ಟಿಯಲ್ಲಿ ಮಾರ್ಚ್ 31ರ ರಾತ್ರಿ 9:30 ಅಂತ ಇರುತ್ತದೆ. ಹಣಕಾಸು ವರ್ಷದ ಲೆಕ್ಕ ಮಾಡುವವರಿಗೆ ಅದು ಹಿಂದಿನ ವರ್ಷಕ್ಕೆ ಹೋಯಿತು! ಸುಮ್ನೆ 'ಸಮಯ ಯುಟಿಸಿಯಲ್ಲಿದೆ' ಅಂದರೆ ಇದು ತಲೆಗೆ ಹೋಗುವುದಿಲ್ಲ ಅಂತ ಈ ಉದಾಹರಣೆಯನ್ನೇ ಕೊಟ್ಟೆ.

ಪುಟಪುಟವಾಗಿ ಪಟ್ಟಿ ತರುವ ವಿಷಯಕ್ಕೆ ಡೆವಲಪರ್ ಜೊತೆ ಚರ್ಚೆಯೇ ನಡೆಯಿತು. ಆಗ ಇದ್ದದ್ದು ಆಫ್‌ಸೆಟ್ ಪದ್ಧತಿ. ಮೊದಲ ಸಲ 1ರಿಂದ 100, ಮುಂದಿನ ಸಲ 101ರಿಂದ. ನಡುವೆ ಯಾರಾದರೂ ಮೊದಲ ನೂರರಲ್ಲಿ ಒಂದನ್ನು ತೆಗೆದರೆ 101ನೆಯದು 100ನೇ ಜಾಗಕ್ಕೆ ಸರಿಯುತ್ತದೆ, ನಮ್ಮ ಕೈಗೆ ಸಿಗುವುದೇ ಇಲ್ಲ. ಈ ದೋಷವನ್ನು ವಿವರಿಸುವ ಟಿಪ್ಪಣಿ ಬರೆದು ತೋರಿಸಿದೆ. ಓದಿ ನೋಡಿ ಅವರು ಟಿಪ್ಪಣಿ ಬೇಡ ಎಂದು, ಕೊನೆಗೆ ಕೊಟ್ಟ ಸಾಲಿನ ಗುರುತು ಹಿಡಿದು ಅಲ್ಲಿಂದ ಮುಂದುವರಿಯುವ ಕರ್ಸರ್ ಪದ್ಧತಿಗೇ ಬದಲಾಯಿಸಿಬಿಟ್ಟರು. ನನಗೆ ಇದರಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ.

ಎರರ್ ಕೋಡ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 401 ಅಂದರೆ ಯಾರು ಅಂತ ಗೊತ್ತಾಗಲಿಲ್ಲ, 403 ಅಂದರೆ ಗೊತ್ತಾಯಿತು ಆದರೆ ಅನುಮತಿ ಇಲ್ಲ, 429 ಅಂದರೆ ಸ್ವಲ್ಪ ತಡೆದು ಕೇಳಿ. ಮುಖ್ಯವಾದದ್ದು ಖಾಲಿ ಪಟ್ಟಿಗೂ 404ಕ್ಕೂ ಇರುವ ವ್ಯತ್ಯಾಸ. ಮೊದಲನೆಯದರಲ್ಲಿ ಲೈಸೆನ್ಸ್ ಇದೆ, ಯಾರೂ ಹಾಕಿಕೊಂಡಿಲ್ಲ. ಎರಡನೆಯದರಲ್ಲಿ ಆ ಲೈಸೆನ್ಸೇ ಇಲ್ಲ.

ಈ ಟೂಲನ್ನು ಎಂಸಿಪಿ (ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಪ್ರೋಟೋಕಾಲ್) ಮೂಲಕ ಎಐ ಸಹಾಯಕಗಳಿಗೂ ಕೊಟ್ಟಿದ್ದೇವೆ. ಅಲ್ಲಿ ವಿವರಣೆ ಓದುವುದು ಭಾಷಾ ಮಾದರಿ. ಯಾವ ಟೂಲ್ ಕರೆಯಬೇಕು ಅಂತ ಅದು ಬಹುಮಟ್ಟಿಗೆ ಈ ಸಾಲುಗಳನ್ನು ನೋಡಿಯೇ ತೀರ್ಮಾನಿಸುತ್ತದೆ. ಕೊನೆಗೆ ಬರೆದದ್ದು ಹೀಗೆ: 'ಒಂದು ಲೈಸೆನ್ಸ್‌ನ ಈಗಿನ ಆಕ್ಟಿವೇಶನ್‌ಗಳನ್ನು ಕೊಡುತ್ತದೆ. ತೆಗೆದುಹಾಕಿದವು ಬರುವುದಿಲ್ಲ. ಒಂದು ಸಲಕ್ಕೆ ಹೆಚ್ಚೆಂದರೆ 100. ಮುಂದಿನ ಕರ್ಸರ್ ಇದ್ದರೆ ಪಟ್ಟಿ ಇನ್ನೂ ಮುಗಿದಿಲ್ಲ. ಏನನ್ನೂ ಬದಲಾಯಿಸುವುದಿಲ್ಲ.' ಆ ನಾಲ್ಕನೇ ವಾಕ್ಯ ಸೇರಿಸುವವರೆಗೆ ಸಹಾಯಕ ಮೊದಲ ಪುಟ ಓದಿ ಒಟ್ಟು 100 ಅಂತ ಧೈರ್ಯವಾಗಿ ಉತ್ತರ ಕೊಡುತ್ತಿತ್ತು.

ಮಾದರಿ ಉತ್ತರದಲ್ಲಿ ನಿಜವಾದ ಕೀ, ಹೋಸ್ಟ್‌ನೇಮ್, ಐಪಿ ಯಾವುದೂ ಇಲ್ಲ. ಡಾಕ್ಯುಮೆಂಟೇಶನ್‌ಗೆ ಅಂತಲೇ 192.0.2ರಿಂದ ಶುರುವಾಗುವ ವಿಳಾಸಗಳನ್ನು ಮೀಸಲಿಟ್ಟಿದ್ದಾರೆ, ಅವನ್ನೇ ಬಳಸಿದೆ. ಆ ಮಾದರಿಯನ್ನು ಕೈಯಾರೆ ಟೈಪ್ ಮಾಡಿಲ್ಲ. ಪ್ರತಿ ರಿಲೀಸ್‌ಗೂ ಟೆಸ್ಟ್ ಖಾತೆಯಿಂದ ತಾನಾಗಿ ಬರುವಂತೆ ಮಾಡಿಸಿದ್ದೇನೆ. ಫೀಲ್ಡ್‌ನ ಹೆಸರು ಬದಲಾದರೆ ಬಿಲ್ಡ್, ಅಂದರೆ ರಿಲೀಸ್ ತಯಾರಾಗುವ ಕೆಲಸ, ಅಲ್ಲೇ ನಿಲ್ಲುತ್ತದೆ, ಡೆವಲಪರ್ ನನಗೆ ಮೆಸೇಜ್ ಹಾಕುತ್ತಾರೆ.