ಶುರು ಮಾಡಿದ್ದು ಅರ್ಧಕ್ಕೆ ನಿಲ್ಲಬಾರದು ಅಂದ್ರೆ

ಹೊಸದೇನಾದರೂ ಶುರು ಮಾಡಿ ಹದಿನೈದೇ ದಿನಕ್ಕೆ ಬಿಟ್ಟಿದ್ದೀರಾ? ಮನಸ್ಸು ಗಟ್ಟಿ ಇಲ್ಲ ಅಂತ ಬೈದುಕೊಳ್ಳಬೇಡಿ. ಅದು ಯಾತಕ್ಕೆ ಬೇಕಿತ್ತು ಅಂತ ಮೊದಲು ನೋಡಿ. ಆಫೀಸಿನವರೆಲ್ಲ ಓಡುತ್ತಾರೆ ಅಂತ ನಾನೂ ಬೆಳಗ್ಗೆ ಐದಕ್ಕೆ ಎದ್ದು ಓಡಲು ಹೋದೆ, ಹನ್ನೆರಡು ದಿನಕ್ಕೆ ನಿಂತಿತು. ಆದರೆ ರಾತ್ರಿ ಮಗಳನ್ನು ಕೂರಿಸಿಕೊಂಡು ಕನ್ನಡ ಓದಿಸುವುದು ಮೂರು ವರ್ಷದಿಂದ ನಡೆದಿದೆ, ಯಾಕಂದ್ರೆ ಊರಲ್ಲಿರುವ ಅಜ್ಜಿ ಜೊತೆ ಅವಳು ಅಜ್ಜಿಯ ಮಾತಲ್ಲೇ ಹರಟಬೇಕು ಅನ್ನೋದು ನನ್ನ ಜೀವದ ಆಸೆ.

ಯಾರೂ ನೋಡದಿದ್ದರೂ, ಸ್ಟೇಟಸ್ ಹಾಕೋಕೆ ಆಗದಿದ್ದರೂ ಇದನ್ನು ಮಾಡ್ತೀನಾ? ಹೀಗೆ ಕೇಳಿಕೊಳ್ಳಿ. ಇಲ್ಲ ಅಂತ ಅನ್ನಿಸಿದರೆ ಸುಮ್ನೆ ಬಿಟ್ಟುಬಿಡಿ, ಪರವಾಗಿಲ್ಲ.

ಹೌದು ಅನ್ನಿಸಿದರೆ ಸಾಲುಮರದ ತಿಮ್ಮಕ್ಕನವರನ್ನು ನೆನೆಸಿಕೊಳ್ಳಿ. 2019ರ ಪದ್ಮಶ್ರೀ ಎಲ್ಲರಿಗೂ ಗೊತ್ತು, ನನಗೆ ಹಿಡಿಸಿದ್ದು ಅವರು ಕೆಲಸ ಮಾಡಿದ ರೀತಿ. ಮಕ್ಕಳಿಲ್ಲದ ಅವರೂ ಗಂಡ ಚಿಕ್ಕಯ್ಯನವರೂ ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯಲ್ಲಿ ಆಲದ ಗಿಡಗಳನ್ನೇ ಮಕ್ಕಳ ಹಾಗೆ ಸಾಕಿದರು. ಮೊದಲ ವರ್ಷ ನೆಟ್ಟಿದ್ದು ಹತ್ತೇ ಗಿಡ. ಮರುವರ್ಷ 15, ಅದರ ಮುಂದಿನ ವರ್ಷ 20. ದೂರದಿಂದ ನೀರು ಹೊತ್ತು ಹಾಕಿದರು ನಿಜ, ಆದರೆ ನೆಡುತ್ತಿದ್ದುದು ಮಳೆಗಾಲದಲ್ಲಿ. ದನ ಬಾಯಿ ಹಾಕದಂತೆ ಸುತ್ತ ಮುಳ್ಳು ಕಟ್ಟುತ್ತಿದ್ದರು. ಹೀಗೆ ಬೆಳೆದದ್ದು 385ರಷ್ಟು ಮರ!

ನೀವೂ ಹತ್ತೇ ಗಿಡ ನೆಡಿ. ನಮ್ಮ ಮನೆಯಲ್ಲಿ ಅದು ದಿನಕ್ಕೆ ಒಂದು ಪುಟ. ಅವಳು ಇನ್ನೂ ಬೇಕು ಅಂದರೂ ಮೊದಲ ತಿಂಗಳು ಒಂದೇ ಪುಟಕ್ಕೆ ನಿಲ್ಲಿಸುತ್ತಿದ್ದೆ.

ಮಳೆಗಾಲ ಹುಡುಕಿ, ಅಂದರೆ ನಿಮ್ಮ ದಿನದಲ್ಲಿ ಕೆಲಸ ತಾನಾಗೇ ಸಾಗುವ ಹೊತ್ತು. ನಮಗದು ಊಟ ಆಗಿ ಹಾಸಿಗೆ ಹಾಸಿದ ಮೇಲಿನ ಹತ್ತು ನಿಮಿಷ.

ಮುಳ್ಳು ಕಟ್ಟೋದು ತುಂಬಾ ಮುಖ್ಯ. ನನ್ನ ಗಿಡಕ್ಕೆ ಬಾಯಿ ಹಾಕುತ್ತಿದ್ದುದು ಫೋನು, ಅದಕ್ಕೇ ಅದೀಗ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲೆ ಮಲಗುತ್ತದೆ.

ಜ್ವರ, ನೆಂಟರು, ಪರೀಕ್ಷೆ ಅಂತ ಒಂದೆರಡು ದಿನ ತಪ್ಪೇ ತಪ್ಪುತ್ತೆ. ತಪ್ಪಿದ ಪುಟಗಳನ್ನೆಲ್ಲ ಸೇರಿಸಿ ಓದಿಸಲು ಹೋಗಬೇಡಿ, ಅಂದಿನದು ಅಂದಿಗೆ ಸಾಕು.

ಹೋದ ವಾರ ಫೋನಲ್ಲಿ ಅಜ್ಜಿಗೆ ಒಂದು ಪುಟ ಓದಿ ಹೇಳಿದಳು. 'ಹಳ್ಳ' ಅನ್ನೋದನ್ನು 'ಹಲ್ಲ' ಅಂದಳು. ಅಜ್ಜಿ ಅಲ್ಲೇ ತಡೆದು, "ನಾಲಿಗೆ ಮಡಚಿ ಹೇಳು ಪುಟ್ಟಿ" ಅಂತ ಮೂರು ಸಲ ಹೇಳಿಸಿದರು.