ಆಗರದ ಉಪ್ಪಿಗೆ ಅಯೊಡಿನ್: ಖರ್ಚು ಹಂಚಿಕೊಳ್ಳುವ ಬಗೆ

ಅಯೊಡಿನ್ ಉಪ್ಪು ದುಬಾರಿಯಾಗುವುದು ಅಯೊಡಿನ್‌ನಿಂದಲ್ಲ. ಕಿಲೊಗೆ 30 ಮಿ.ಗ್ರಾಂ ಅಯೊಡಿನ್ ಸಿಗಬೇಕೆಂದರೆ ಒಂದು ಟನ್ ಉಪ್ಪಿಗೆ ಪೊಟ್ಯಾಸಿಯಂ ಅಯೊಡೇಟ್ (ಉಪ್ಪಿಗೆ ಬೆರೆಸುವ ಅಯೊಡಿನ್ ಪುಡಿ) ಬೇಕಾಗುವುದು ಸುಮಾರು 50 ಗ್ರಾಂ. ದುಡ್ಡು ತಿನ್ನುವುದು ತೊಳೆತ, ಚೀಲ, ಪರೀಕ್ಷೆ, ಸಾಗಣೆ. ಎಲ್ಲಕ್ಕಿಂತ ಹೆಚ್ಚಾಗಿ, ಮೇ ಒಳಗೆ ತೆಗೆದ ಉಪ್ಪನ್ನು ವರ್ಷವಿಡೀ ಇಟ್ಟು ಮಾರುವಾಗ ದಾಸ್ತಾನಿನಲ್ಲಿ ಸಿಕ್ಕಿಬೀಳುವ ಬಂಡವಾಳ. ಹಂಚಿಕೊಳ್ಳಬೇಕಾದದ್ದು ಇವನ್ನೇ.

ಗೋಕರ್ಣದ ಹತ್ತಿರದ ಸಾಣಿಕಟ್ಟಾದಂಥ ಕಡೆ ಆಗರದವರು (ಕಡಲ ನೀರು ಒಣಗಿಸಿ ಉಪ್ಪು ತೆಗೆಯುವವರು) ತೊಳೆದ ಉಪ್ಪು ಕೊಡಲಿ, ಸ್ತ್ರೀಶಕ್ತಿ ಸಂಘದವರು ಪ್ಯಾಕೆಟ್ ಲೆಕ್ಕದ ಕೂಲಿಗೆ ತುಂಬಲಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೇವಾ ಸಹಕಾರಿ ಸಂಘಗಳು ಮಳೆಗಾಲಕ್ಕೆ ಮುಂಚೆಯೇ ಬೇಡಿಕೆ ಬರೆದು ಮುಂಗಡ ಕೊಟ್ಟರೆ ಬಡ್ಡಿಯ ಹೊರೆ ಇಳಿಯುತ್ತದೆ. ಕರಾವಳಿಯಲ್ಲಿ ಸರಕು ಇಳಿಸಿ ಕುಮಟಾ-ಶಿರಸಿ ದಾರಿಯ ದೇವಿಮನೆ ಘಟ್ಟ ಹತ್ತುವ ಖಾಲಿ ಲಾರಿಗೆ ಉಪ್ಪು ಹೇರಿದರೆ ಬಾಡಿಗೆಯೂ ತಗ್ಗುತ್ತದೆ. ಅಯೊಡಿನ್ ಕಡಿಮೆ ಬಂದ ಲಾಟಿನ (ಒಮ್ಮೆಗೆ ಬೆರೆಸಿದ ಉಪ್ಪಿನ) ನಷ್ಟ ಯಾರದು ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆಯಿರಿ. ಜಗಳ ಏಳುವುದು ಅಲ್ಲೇ. ಆಹಾರ ಸುರಕ್ಷತಾ ಪರವಾನಗಿ ತುಂಬುವ ಘಟಕದ ಹೆಸರಲ್ಲಿರಲಿ. ಊಟದ ಉಪ್ಪನ್ನು ಅಯೊಡಿನ್ ಇಲ್ಲದೆ ಮಾರುವುದಕ್ಕೆ 2006ರಿಂದ ನಿಷೇಧವಿದೆ. ಮೀನು ಒಣಗಿಸುವ, ತೆಂಗಿನ ಬುಡಕ್ಕೆ ಹಾಕುವ ಉಪ್ಪನ್ನು ಬೇರೆ ರಾಶಿಯಲ್ಲಿಡಿ, ಅದಕ್ಕೆ ಈ ಖರ್ಚು ಬೇಡ.

ಮಿಶ್ರಣ ಕೆಡುವುದು ಬಹುಪಾಲು ತೇವದಿಂದ. ಹಸಿ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ನೀರು ಎಳೆದುಕೊಂಡು ಸೋರುತ್ತದೆ, ಆ ನೀರಿನ ಜತೆಗೇ ಅಯೊಡೇಟ್ ಚೀಲದ ಬುಡಕ್ಕೆ ಇಳಿಯುತ್ತದೆ. ಆದ್ದರಿಂದ ಉಪ್ಪನ್ನು ಗಟ್ಟಿ ಉಪ್ಪುನೀರಿನಲ್ಲೇ ತೊಳೆಯಿರಿ. ಸಿಹಿನೀರಾದರೆ ಉಪ್ಪೇ ಕರಗಿಹೋದೀತು. ರಾಶಿ ಹಾಕಿ ನೀರು ಬಸಿಯಲು ಬಿಡಿ. ದೊಡ್ಡ ಹರಳನ್ನು ಒಡೆಯಿರಿ, ಇಲ್ಲದಿದ್ದರೆ ಸಮನಾಗಿ ಹತ್ತುವುದಿಲ್ಲ.

100 ಕಿಲೊ ಉಪ್ಪಿಗೆ 5 ಗ್ರಾಂ ಅಯೊಡೇಟನ್ನು 200 ಮಿ.ಲೀ. ಶುದ್ಧ ನೀರಲ್ಲಿ ಪೂರ್ತಿ ಕರಗಿಸಿ. 0.1 ಗ್ರಾಂ ತೋರಿಸುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ತಿರುಗುವ ಮಿಕ್ಸರ್‌ನಲ್ಲಿ ಉಪ್ಪು ಓಡುತ್ತಿರುವಾಗಲೇ ಸಣ್ಣ ಹನಿಯಾಗಿ ಸಿಂಪಡಿಸಿ. ಅಡಿಕೆ ಮರಕ್ಕೆ ಬೋರ್ಡೊ (ಮೈಲುತುತ್ತ-ಸುಣ್ಣದ ಔಷಧಿ) ಹೊಡೆದ ಪಂಪು ಎಷ್ಟು ತೊಳೆದಿದ್ದರೂ ಬೇಡ, ಹೊಸದನ್ನೇ ತನ್ನಿ.

ಪ್ರತಿ ಲಾಟಿನ ಮೇಲೆ, ನಡು, ಬುಡದಿಂದ ಮಾದರಿ ತೆಗೆಯಿರಿ. ಅಯೊಡಿನ್ ಪರೀಕ್ಷಾ ಕಿಟ್‌ನ ಪಿಷ್ಟದ ದ್ರಾವಣದ (ಬರೀ ಪಿಷ್ಟ ಸಾಲದು) ಹನಿ ಹಾಕಿದಾಗ ಬರುವ ನೀಲಿ ಬಣ್ಣ ಅಯೊಡಿನ್ ಇದೆಯೆಂದು ಹೇಳೀತೇ ಹೊರತು ಎಷ್ಟಿದೆಯೆಂದಲ್ಲ. ಲೆಕ್ಕಕ್ಕೆ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಟೈಟ್ರೇಷನ್ (ಗೊತ್ತಿರುವ ಪ್ರಮಾಣದ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಪರೀಕ್ಷೆ) ಬೇಕು. 10 ಗ್ರಾಂ ಉಪ್ಪಿಗೆ 0.005 ನಾರ್ಮಲ್ ಸಾಂದ್ರತೆಯ ಸೋಡಿಯಂ ಥಯೊಸಲ್ಫೇಟ್ ದ್ರಾವಣ ಬಳಸಿದರೆ ಪ್ರತಿ ಮಿ.ಲೀ. ಅಂದರೆ ಕಿಲೊಗೆ 10.58 ಮಿ.ಗ್ರಾಂ ಅಯೊಡಿನ್; 2.8 ಮಿ.ಲೀ. ಹತ್ತಿರ ಬಂದರೆ ಅಳತೆ ಸರಿ. ಮೂರು ಮಾದರಿಗಳ ಫಲ ದೂರದೂರ ಬಂದರೆ ಮತ್ತೆ ಮಿಶ್ರಣ ಮಾಡಿ. ಇನ್ನಷ್ಟು ಅಯೊಡೇಟ್ ಸುರಿಯುವುದು ಪರಿಹಾರವಲ್ಲ. ಮನೆ ತಲುಪಿದಾಗ ಕಿಲೊಗೆ ಕನಿಷ್ಠ 15 ಮಿ.ಗ್ರಾಂ ಉಳಿದಿರಬೇಕು.

ಬರೀ ಗೋಣಿಚೀಲ ಬೇಡ. ಒಳಪದರವಿರುವ ಪ್ಲಾಸ್ಟಿಕ್ ಚೀಲವನ್ನು ಗೋಡೆಯಿಂದ ದೂರ, ಮರದ ಅಟ್ಟಣೆ ಮೇಲೆ ಜೋಡಿಸಿ, ಮೊದಲು ಬಂದದ್ದನ್ನು ಮೊದಲು ಕಳಿಸಿ. ಅಡುಗೆಮನೆಯ ತೆರೆದ ಉಪ್ಪಿನ ಮರಿಗೆಯಲ್ಲೂ ಇದೇ ತೊಂದರೆ: ಆಷಾಢದಲ್ಲಿ ತಳಕ್ಕೆ ಸೇರಿದ ನೀರನ್ನು ಚೆಲ್ಲಿದರೆ ಅಯೊಡಿನ್ನೂ ಚೆಲ್ಲಿದಂತೆ. ‘ಮುಚ್ಚಳವಿರುವ ಡಬ್ಬಿಯಲ್ಲಿಡಿ’ ಎಂದು ಪ್ಯಾಕೆಟ್ ಮೇಲೆ ದಪ್ಪಕ್ಷರದಲ್ಲಿ ಅಚ್ಚುಹಾಕಿಸಿ.