ಕುಡಿತವೂ ಖಿನ್ನತೆಯೂ ಜೊತೆಗಿದ್ದಾಗ ಮನೋಚಿಕಿತ್ಸೆಗೆ ಸಿದ್ಧವಾಗುವ ಬಗೆ

ಕುಡಿತ ಮತ್ತು ಖಿನ್ನತೆ ಒಬ್ಬರಲ್ಲೇ ಇದ್ದಾಗ, ಯಾವುದು ಮೊದಲು ಬಂತೆಂಬ ವಾದದಲ್ಲೇ ಮನೆಯವರ ವರ್ಷಗಳು ಕಳೆಯುತ್ತವೆ. ಚಿಕಿತ್ಸೆ ಆರಂಭಿಸಲು ಆ ಉತ್ತರ ಬೇಕಿಲ್ಲ. ‘ಮೊದಲು ಬಿಟ್ಟು ಬನ್ನಿ, ಆಮೇಲೆ ಮನಸ್ಸಿನ ವಿಚಾರ’ ಎನ್ನುವವರಿಗಿಂತ ಎರಡನ್ನೂ ಒಟ್ಟಿಗೆ ನೋಡುವ ತಂಡವನ್ನು ಹುಡುಕಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ಊರಲ್ಲಿದ್ದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಆರಂಭಿಸಬಹುದು, ಅಥವಾ 14416ಕ್ಕೆ ಕರೆ ಮಾಡಿ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ವಿಚಾರಿಸಬಹುದು.

ದಿನವೂ ಹೆಚ್ಚು ಕುಡಿಯುವವರು ದೇವರ ಮುಂದೆ ಆಣೆಯಿಟ್ಟು ಅಂದೇ ನಿಲ್ಲಿಸುವುದು ಅಪಾಯಕಾರಿ. ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ಶುರುವಾಗುತ್ತವೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕುತಪ್ಪಿ ಇಲ್ಲದ್ದು ಕಾಣತೊಡಗುತ್ತದೆ, ಇದು ಪ್ರಾಣಕ್ಕೇ ಎರವಾಗಬಲ್ಲದು. ಆಣೆಗೆ ನನ್ನ ಆಕ್ಷೇಪವಿಲ್ಲ, ಅದು ವೈದ್ಯರನ್ನು ಕಂಡ ಮೇಲಿರಲಿ.

ಮೊದಲ ಭೇಟಿಗೆ ಹೋಗುವಾಗ ಒಂದು ಹಾಳೆಯ ಮೇಲೆ ಜೀವನದ ಗೆರೆಯೆಳೆದು, ಕುಡಿತ ಹೆಚ್ಚಿದ ವರ್ಷಗಳನ್ನು ಕೆಳಗೂ ಮನಸ್ಸು ಕುಸಿದ ಕಾಲವನ್ನು ಮೇಲೂ ಗುರುತಿಸಿಕೊಳ್ಳಿರಿ. ಕುಡಿಯದೇ ಕಳೆದ ತಿಂಗಳುಗಳಲ್ಲಿ, ಅದು ಅಯ್ಯಪ್ಪ ಮಾಲೆ ಹಾಕಿದ ಅವಧಿಯೇ ಆಗಿರಲಿ, ಬೇಸರ ಉಳಿದಿತ್ತೋ ಇಳಿದಿತ್ತೋ ಎಂಬುದು ಚಿಕಿತ್ಸಕರಿಗೆ ಬಹಳ ಬೆಲೆಯ ಮಾಹಿತಿ. ಮದ್ಯದಿಂದಲೇ ಹುಟ್ಟಿದ ಖಿನ್ನತೆ ಅನೇಕರಲ್ಲಿ ಬಿಟ್ಟ 2ರಿಂದ 4 ವಾರಗಳಲ್ಲಿ ತಿಳಿಯಾಗುತ್ತದೆ. ಆದರೆ ಸಾಯುವ ಯೋಚನೆಯಿದ್ದರೆ ಆ ವಾರಗಳವರೆಗೆ ಕಾಯದೆ ಅಂದೇ ಹೇಳಬೇಕು.

ಚಿಕಿತ್ಸೆಯ ಹೆಚ್ಚಿನ ಕೆಲಸ ಎರಡು ಭೇಟಿಗಳ ನಡುವಿನ ದಿನಗಳಲ್ಲೇ ನಡೆಯುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಸಮಯ, ಆಗಿದ್ದು, ಮನಸ್ಸಿನ ಭಾರ, ಕುಡಿಯುವ ತುಡಿತ ಎಂದು ಬರೆದು, ಕೊನೆಯೆರಡಕ್ಕೆ 10ರೊಳಗೆ ಅಂಕ ಕೊಡಿರಿ. ಎರಡು ವಾರಗಳಲ್ಲಿ ಸರಪಳಿ ಕಾಣುತ್ತದೆ: ಸಂಜೆ ಆರಕ್ಕೆ ಸಾಲದವನ ಫೋನು, ‘ನಾನು ಯಾವುದಕ್ಕೂ ಪ್ರಯೋಜನವಿಲ್ಲ’ ಎಂಬ ಯೋಚನೆ, ಬಸ್‌ಸ್ಟ್ಯಾಂಡಿನ ಪಕ್ಕದ ವೈನ್‌ಶಾಪು. ಚಿಕಿತ್ಸಕರು ಈ ಸರಪಳಿಯ ಒಂದೊಂದು ಕೊಂಡಿಯನ್ನೂ ನಿಮ್ಮೊಡನೆ ಬಿಡಿಸುತ್ತಾರೆ. ಯೋಚನೆಯನ್ನು ಪರೀಕ್ಷಿಸುವುದು ಖಿನ್ನತೆಗೂ ದಾರಿ ಬದಲಿಸುವುದು ಕುಡಿತಕ್ಕೂ ಮದ್ದಾಗುತ್ತದೆ. ಖಾಲಿ ಉಳಿಯುವ ಸಂಜೆಯ ಆ ಎರಡು ಗಂಟೆಗಳನ್ನು ಮೊದಲೇ ತುಂಬಿಡಿರಿ, ಅದೂ ‘ಮನಸ್ಸು ಬಂದಾಗ’ ಎಂದಲ್ಲ, ಗಡಿಯಾರ ನೋಡಿ: ಖಿನ್ನತೆಯಲ್ಲಿ ಮನಸ್ಸು ತಾನಾಗಿ ಬರುವುದು ವಿರಳ, ಕೆಲಸದ ಬೆನ್ನಿಗೆ ಬರುತ್ತದೆ. ತುಡಿತವು ಅಲೆಯಂತೆ ಏರಿ ಇಳಿಯುವಂಥದ್ದಾದ್ದರಿಂದ, ಏರಿದಾಗ ಅದರೊಡನೆ ಜಗಳವಾಡದೆ ಇಳಿಯುವವರೆಗೆ ನೋಡುತ್ತಾ ಕುಳಿತುಕೊಳ್ಳುವುದನ್ನೂ ಕಲಿಸುತ್ತಾರೆ.

ಮತ್ತೆ ಒಮ್ಮೆ ಕುಡಿದುಬಿಟ್ಟರೆ? ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ತೋರಿಸಿಕೊಟ್ಟಂತೆ, ಮನುಷ್ಯನನ್ನು ಹಳೆಯ ಚಟಕ್ಕೆ ಮರಳಿಸುವುದರಲ್ಲಿ ಆ ಒಂದು ಗ್ಲಾಸಿಗಿಂತ ‘ಹೇಗೂ ವ್ರತ ಕೆಟ್ಟಿತು’ ಎಂಬ ಪಾಪಪ್ರಜ್ಞೆಯ ಪಾತ್ರ ದೊಡ್ಡದು, ಮತ್ತು ಖಿನ್ನರಾದವರಿಗೆ ಆ ಪ್ರಜ್ಞೆ ಮೊದಲೇ ಹೆಚ್ಚು. ಆದ್ದರಿಂದ ಯಾರಿಗೆ ಫೋನು ಮಾಡಬೇಕು, ಮರುದಿನ ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿರಿ. ಮುಂದಿನ ಭೇಟಿಯನ್ನು ನಾಚಿಕೆಗೆ ತಪ್ಪಿಸಬೇಡಿರಿ.

ಮನೆಯವರಿಗೆ ಒಂದು ಮಾತು. ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸಿ, ಗೊತ್ತಾಗದಂತೆ ಬಡಿಸುವ ಅಭ್ಯಾಸ ನಮ್ಮಲ್ಲಿದೆ. ಮಾತ್ರೆ ಒಳಗೆ ಹೋದದ್ದನ್ನು ಅರಿಯದೆ ಮದ್ಯ ಕುಡಿದವರಿಗೆ ವಾಂತಿ, ಎದೆಬಡಿತ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೆ ಕುತ್ತು ಬರಬಹುದು. ವಿಷಯ ಬಯಲಾದರೆ ಮನೆಯ ಅನ್ನದ ಮೇಲೂ ಚಿಕಿತ್ಸಕರ ಮೇಲೂ ನಂಬಿಕೆ ಹೋಗುತ್ತದೆ. ಮನೋವೈದ್ಯರು ಅದು ಹೊಂದುತ್ತದೆಂದು ಹೇಳಿ, ರೋಗಿಯೂ ಒಪ್ಪಿದರೆ, ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಅವರ ಕೈಗೇ ಮಾತ್ರೆ ಕೊಡಿರಿ.